ಎದುರಿನ ಅಂಗಡಿ: ಹತ್ತು ವಾರ, ಆರು ವ್ಯಂಗ್ಯಚಿತ್ರ, ಒಂದು ಹತ್ತಿ ಜಗಳ

1861ರ ನವೆಂಬರ್ 16ರ ದಿನಾಂಕ ಹೊತ್ತ ಲಂಡನ್ನಿನ ‘ಪಂಚ್’ ವಾರಪತ್ರಿಕೆಯಲ್ಲಿ ಒಂದು ದೊಡ್ಡ ವ್ಯಂಗ್ಯಚಿತ್ರವಿದೆ. ಇಬ್ಬರು ಅಂಗಡಿಕಾರರು ಗಿರಾಕಿಯನ್ನು ಮರೆತು ಹೊಡೆದಾಟಕ್ಕಿಳಿದಿದ್ದಾರೆ. ಒಬ್ಬ ಅಮೆರಿಕದ ಉತ್ತರ, ಇನ್ನೊಬ್ಬ ಅಮೆರಿಕದ ದಕ್ಷಿಣ. ಗಿರಾಕಿಯ ಹೆಸರು ಜಾನ್ ಬುಲ್, ಅಂದರೆ ಸಾಕ್ಷಾತ್ ಇಂಗ್ಲೆಂಡು. ಅವನು ಹೇಳುವ ಮಾತನ್ನು ನಮ್ಮ ಕಡೆಯ ಬಾಯಲ್ಲಿ ಹೇಳಿದರೆ ಹೀಗಾಗುತ್ತದೆ: ‘ವ್ಯಾಪಾರಕ್ಕಿಂತ ನಿಮಗ ಬಡಿದಾಟಾನ ಹೆಚ್ಚಾದ್ರ ಬಡಿದಾಡ್ರಪಾ, ನಾ ಆ ಕಡಿ ಅಂಗಡ್ಯಾಗ ತೊಗೋತೇನಿ.’

ಆ ಕಡೆಯ ಅಂಗಡಿ ಭಾರತದ್ದು. ಮಾಲು ಹತ್ತಿ.

ಮಾತನ್ನು ಧಾರವಾಡದ ಬಾಯಿಗೆ ತಂದದ್ದು ಬರೀ ತಮಾಷೆಗಲ್ಲ. ಆ ಅಂಗಡಿಗೆ ಹೋಗುತ್ತಿದ್ದ ಸರಕಿನಲ್ಲಿ ಒಂದು ಪಾಲು ಧಾರವಾಡ, ಹುಬ್ಬಳ್ಳಿ, ಗದಗ ಸೀಮೆಯ ಎರೆಹೊಲಗಳದ್ದೇ. ಹಾಗಾಗಿ ಬ್ರಿಟಿಷ್ ವ್ಯಂಗ್ಯಚಿತ್ರಗಳ ರಾಶಿಯಲ್ಲಿ ನನ್ನ ಕಣ್ಣು ಮೊದಲು ನಿಲ್ಲುವುದು ಇದರ ಮೇಲೆ. ಚಿತ್ರಕಾರ ಜಾನ್ ಟೆನಿಯಲ್. ಇದರ ಹಿಂದಿನ ಎರಡು ವಾರ, ಮುಂದಿನ ಎಂಟು ವಾರ, ಒಟ್ಟು ಹತ್ತು ವಾರದಲ್ಲಿ ಅವನು ಬರೆದ ಆರು ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿದರೆ, ಒಂದು ವ್ಯಾಪಾರದ ಇಕ್ಕಟ್ಟು ಹೇಗೆ ಮಾನಾಪಮಾನದ ಜಗಳವಾಯಿತು, ಓದುಗನಿಗೆ ಅದನ್ನು ಎಷ್ಟು ಹಗುರ ಮಾಡಿ ತೋರಿಸಲಾಯಿತು ಎಂಬುದು ಗೊತ್ತಾಗುತ್ತದೆ.

ಗೋದಾಮು ತುಂಬಿದ್ದಾಗಿನ ಧೈರ್ಯ

ಮೊದಲು ಲೆಕ್ಕ. 1860ರಲ್ಲಿ ಬ್ರಿಟನ್ನಿಗೆ ಬಂದಿಳಿದ ಹತ್ತಿ ಸುಮಾರು 139 ಕೋಟಿ ಪೌಂಡ್ ತೂಕದ್ದು. ಅದರಲ್ಲಿ ನೂರಕ್ಕೆ ಎಂಬತ್ತರಷ್ಟು ಅಮೆರಿಕದ ದಕ್ಷಿಣ ರಾಜ್ಯಗಳದ್ದು, ಗುಲಾಮರ ದುಡಿಮೆಯಿಂದ ಬಂದದ್ದು. ಈ ಹಿಡಿತದ ಮೇಲೆ ದಕ್ಷಿಣದವರಿಗೆ ಎಷ್ಟು ಭರವಸೆ ಇತ್ತೆಂದರೆ, 1858ರಲ್ಲೇ ದಕ್ಷಿಣ ಕ್ಯಾರೊಲಿನಾದ ಸೆನೆಟರ್ ಜೇಮ್ಸ್ ಹೆನ್ರಿ ಹ್ಯಾಮಂಡ್ ‘ಹತ್ತಿಯೇ ರಾಜ’ ಎಂದು ಸೆನೆಟ್ಟಿನಲ್ಲಿ ಸಾರಿದ್ದ. 1861ರಲ್ಲಿ ಅಮೆರಿಕದ ಉತ್ತರ ದಕ್ಷಿಣಗಳ ನಡುವೆ ಅಂತರ್ಯುದ್ಧ ಶುರುವಾದಾಗ ದಕ್ಷಿಣದ ಬೆಳೆಗಾರರು ತಾವಾಗಿಯೇ ಹತ್ತಿ ಕಳಿಸುವುದನ್ನು ನಿಲ್ಲಿಸಿದರು. ಇಂಗ್ಲೆಂಡಿನ ಲ್ಯಾಂಕಾಶೈರ್ ಸೀಮೆಯ ಬಟ್ಟೆ ಗಿರಣಿಗಳು ಹಸಿದರೆ ಬ್ರಿಟನ್ ತಮ್ಮ ಪರವಾಗಿ ಇಳಿದೇ ಇಳಿಯುತ್ತದೆ ಎಂಬ ಎಣಿಕೆ. ಇತ್ತ ಅಮೆರಿಕದ ಅಧ್ಯಕ್ಷ, ಉತ್ತರದ ನಾಯಕ ಲಿಂಕನ್ 1861ರ ಏಪ್ರಿಲ್ 19ರಂದು ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಘೋಷಿಸಿದ. ಒಬ್ಬ ಮಾರಲೊಲ್ಲ, ಇನ್ನೊಬ್ಬ ಮಾರಗೊಡ. ಬ್ರಿಟನ್ ಮೇ 13ರಂದು ತಾನು ತಟಸ್ಥ ಎಂದು ಸಾರಿತು.

ಎದುರಿನ ಅಂಗಡಿಗೆ ಹೋಗುತ್ತೇನೆ ಅನ್ನುವ ಜಾನ್ ಬುಲ್‌ನ ಠೀವಿಗೆ ಕಾರಣ ಬೇರೆ ಇತ್ತು. 1860ರ ಅಮೆರಿಕದ ಬೆಳೆ ಅಲ್ಲಿಯವರೆಗಿನ ದಾಖಲೆ. ಯುದ್ಧಕ್ಕೆ ಮೊದಲೇ ಹತ್ತಿ ಹಡಗೇರಿ ಬಂದಾಗಿತ್ತು. ಲಿವರ್‌ಪೂಲಿನ ಗೋದಾಮುಗಳಲ್ಲಿ ಹತ್ತಿ ತುಂಬಿತ್ತು, ಮ್ಯಾಂಚೆಸ್ಟರಿನ ವ್ಯಾಪಾರಿಗಳಲ್ಲಿ ಮಾರಾಟವಾಗದ ಬಟ್ಟೆ ಬಿದ್ದಿತ್ತು. 1861ರ ಚಳಿಗಾಲದಲ್ಲಿ ಹತ್ತಿ ಸಿಗದಿದ್ದರೆ ಕೆಲವು ಗಿರಣಿ ಮಾಲೀಕರಿಗೆ ಒಳಗೊಳಗೇ ಸಮಾಧಾನ. ಹಳೆಯ ಸರಕಿಗೆ ಬೆಲೆ ಬರುತ್ತಿತ್ತು. ಹೊಟ್ಟೆ ತುಂಬಿದವನು ಅಂಗಡಿಕಾರನಿಗೆ ಬೆನ್ನು ತಿರುಗಿಸುವುದು ಸುಲಭ.

ಆದರೂ ಎರಡು ವಾರದ ಹಿಂದೆ, ನವೆಂಬರ್ 2ರ ಸಂಚಿಕೆಯಲ್ಲಿ, ಇದೇ ಟೆನಿಯಲ್ ಹತ್ತಿರಾಯನನ್ನು ಗ್ರೀಕ್ ಪುರಾಣದ ಪ್ರೊಮಿಥಿಯಸ್‌ನಂತೆ ಸರಪಳಿಯಲ್ಲಿ ಬಿಗಿದು ತೋರಿಸಿದ್ದ. ಸರಪಳಿ ದಿಗ್ಬಂಧನದ್ದು, ಮೇಲೆರಗಿ ಕುಕ್ಕುತ್ತಿದ್ದದ್ದು ಅಮೆರಿಕದ ಹದ್ದು. ಅಂದರೆ ಒಂದು ವಾರ ಹತ್ತಿಗಾಗಿ ಮರುಕ, ಹದಿನೈದು ದಿನ ಕಳೆದರೆ ‘ನೀನಿಲ್ಲದಿದ್ದರೆ ಇನ್ನೊಬ್ಬ’ ಎಂಬ ಉಡಾಫೆ. ಒಂದೇ ಕೈ, ಒಂದೇ ಪತ್ರಿಕೆ. ಇದನ್ನು ವಿರೋಧಾಭಾಸ ಎಂದು ಕೆಲವರು ಬದಿಗಿಡುತ್ತಾರೆ. ಆತಂಕದಲ್ಲಿರುವ ಗಿರಾಕಿ ಹೀಗೇ ಮಾತಾಡುವುದು ಎಂದು ನನ್ನ ಎಣಿಕೆ.

ಬುಧವಾರದ ಊಟ

ಈ ಚಿತ್ರಗಳು ಒಬ್ಬನ ತಲೆಯಲ್ಲಿ ಹುಟ್ಟಿದವಲ್ಲ. 1841ರಲ್ಲಿ ಶುರುವಾದ ಪಂಚ್‌ನ ಬೆಲೆ ಮೂರು ಪೆನ್ಸ್. ಪ್ರತಿ ಬುಧವಾರ ರಾತ್ರಿ ಸಂಪಾದಕ ಮಾರ್ಕ್ ಲೆಮನ್, ಲೇಖಕರು, ಚಿತ್ರಕಾರರು ಒಂದೇ ಮೇಜಿನ ಸುತ್ತ ಊಟಕ್ಕೆ ಕೂರುತ್ತಿದ್ದರು. ಊಟ ಮುಗಿದು ಚುಟ್ಟಾ ಹೊತ್ತಿದ ಮೇಲೆ ಆ ವಾರದ ದೊಡ್ಡ ಚಿತ್ರ ಏನು, ಅಡಿಬರಹ ಏನು ಎಂಬ ಚರ್ಚೆ. ತೀರ್ಮಾನ ಎಲ್ಲರದ್ದು, ಬರೆಯುವ ಕೈ ಟೆನಿಯಲ್‌ದು. ಅವನು ಮರದ ಹಲಗೆಯ ಮೇಲೆಯೇ ಪೆನ್ಸಿಲ್ಲಿನಲ್ಲಿ ಬರೆದು ಕೊಟ್ಟರೆ ಜೋಸೆಫ್ ಸ್ವೇನ್‌ನ ಕೆತ್ತನೆಗಾರರು ಗೆರೆ ಬಿಟ್ಟು ಉಳಿದದ್ದನ್ನು ಕೆತ್ತಿ ತೆಗೆಯುತ್ತಿದ್ದರು. ಟೆನಿಯಲ್‌ಗೆ ಒಂದು ಕಣ್ಣು ಕಾಣುತ್ತಿರಲಿಲ್ಲ. ಇಪ್ಪತ್ತರ ಹರೆಯದಲ್ಲಿ ಅಪ್ಪನ ಜೊತೆ ಕತ್ತಿವರಸೆ ಆಡುವಾಗ ಆದ ಗಾಯ.

‘ಕಾರ್ಟೂನ್’ ಎಂಬ ಪದಕ್ಕೆ ಇವತ್ತಿನ ಅರ್ಥ ಅಂಟಿದ್ದೂ ಇದೇ ಪತ್ರಿಕೆಯಿಂದ. ಅದಕ್ಕೆ ಮೊದಲು ಕಾರ್ಟೂನ್ ಎಂದರೆ ಭಿತ್ತಿಚಿತ್ರಕ್ಕೆ ಹಾಕುವ ದೊಡ್ಡ ಕರಡು. 1843ರಲ್ಲಿ ಪಾರ್ಲಿಮೆಂಟ್ ಭವನದ ಗೋಡೆಗಳಿಗೆಂದು ಅಂಥ ಕರಡುಗಳ ಪ್ರದರ್ಶನ ನಡೆದಾಗ, ಹೊಟ್ಟೆಗಿಲ್ಲದ ಬಡವರು ಚಿತ್ರ ನೋಡುತ್ತ ನಿಂತಂತೆ ಜಾನ್ ಲೀಚ್ ಬರೆದು, ಅದನ್ನೂ ಪಂಚ್ ‘ಕಾರ್ಟೂನ್’ ಎಂದೇ ಕರೆಯಿತು. ಹೆಸರು ಉಳಿಯಿತು. ಆ ಬಡವರ ಸಿಟ್ಟು ಮಾತ್ರ 1861ರ ಹೊತ್ತಿಗೆ ಬಹುಮಟ್ಟಿಗೆ ಇಳಿದಿತ್ತು; ಪಂಚ್ ಆಗ ಉಳ್ಳವರ ಬೈಠಕ್ ಖಾನೆಯ ಪತ್ರಿಕೆ.

ಟ್ರೆಂಟ್ ಹಡಗಿನ ಪ್ರಕರಣ

ನವೆಂಬರ್ 8ರಂದು ಕ್ಯೂಬಾದ ಉತ್ತರಕ್ಕೆ, ಹಳೆಯ ಬಹಾಮಾ ಕಾಲುವೆಯಲ್ಲಿ, ಅಮೆರಿಕದ ಯುದ್ಧನೌಕೆ ಸ್ಯಾನ್ ಜಸಿಂಟೊ ಬ್ರಿಟಿಷ್ ಟಪಾಲು ಹಡಗು ಟ್ರೆಂಟ್‌ಅನ್ನು ತಡೆಯಿತು. ಕ್ಯಾಪ್ಟನ್ ಚಾರ್ಲ್ಸ್ ವಿಲ್ಕ್ಸ್‌ನ ಜನ ಹಡಗೇರಿ, ಯುರೋಪಿಗೆ ಹೊರಟಿದ್ದ ದಕ್ಷಿಣದ ಇಬ್ಬರು ರಾಯಭಾರಿಗಳನ್ನು, ಜೇಮ್ಸ್ ಮೇಸನ್ ಮತ್ತು ಜಾನ್ ಸ್ಲೈಡೆಲ್ ಅವರನ್ನು, ಇಳಿಸಿಕೊಂಡು ಹೋದರು. ತಟಸ್ಥ ದೇಶದ ಬಾವುಟದಡಿ ಇದ್ದವರನ್ನು ಹೀಗೆ ಹಿಡಿಯುವ ಹಕ್ಕು ಯಾರಿಗಿದೆ ಎಂಬುದು ಕಾನೂನಿನ ಪ್ರಶ್ನೆ. ಲಂಡನ್ನಿನಲ್ಲಿ ಅದು ಮುಖಕ್ಕೆ ಹೊಡೆದಂತೆ ಕಂಡಿತು.

ಸುದ್ದಿ ಲಂಡನ್ ಮುಟ್ಟಿದ್ದು ನವೆಂಬರ್ 27ರಂದು. ಅಂದು ಬುಧವಾರ, ಪಂಚ್ ಊಟದ ದಿನ. ಆ ರಾತ್ರಿ ಮೇಜಿನ ಮೇಲೆ ಯಾವ ಮಾತು ಬಿಸಿಯೇರಿತ್ತೆಂದು ಊಹಿಸಲು ಕಷ್ಟಪಡಬೇಕಿಲ್ಲ.

ಡಿಸೆಂಬರ್ 7ರ ದಿನಾಂಕದ ಚಿತ್ರದಲ್ಲಿ ಜಾನ್ ಬುಲ್ ಅಂಗಡಿಯ ಗಿರಾಕಿಯಲ್ಲ, ಆಜಾನುಬಾಹು ನಾವಿಕ. ಅವನ ಮುಂದೆ ಪುಟ್ಟ ಯಾಂಕಿ ಹುಡುಗ. ‘ಸರಿಯಾದದ್ದನ್ನು ಮಾಡು ಮಗನೇ, ಇಲ್ಲವೋ ನೀರಿನಿಂದಲೇ ಹಾರಿಸಿಬಿಡುತ್ತೇನೆ’ ಎಂಬರ್ಥದ ಗದರಿಕೆ. ಎರಡು ಕೋಟಿಗೂ ಹೆಚ್ಚು ಜನರಿದ್ದ ಉತ್ತರದ ರಾಜ್ಯಗಳು, ಆಗಲೇ ಲಕ್ಷಾಂತರ ಸೈನಿಕರನ್ನು ಜಮಾಯಿಸುತ್ತಿದ್ದ ಸರ್ಕಾರ, ಇಲ್ಲಿ ಕಿವಿ ಹಿಂಡಿಸಿಕೊಳ್ಳುವ ಪೋರ. ಬ್ರಿಟಿಷ್ ವ್ಯಂಗ್ಯಚಿತ್ರಗಳಲ್ಲಿ ಪದೇ ಪದೇ ಕಾಣುವ ಕೈಚಳಕ ಇದು: ಎದುರಾಳಿಯ ಗಾತ್ರ ಇಳಿಸಿದರೆ ವಾದವೇ ಬೇಕಾಗುವುದಿಲ್ಲ.

ಮರುವಾರ, ಡಿಸೆಂಬರ್ 14. ಈ ಸರಣಿಯಲ್ಲಿ ನನಗೆ ಹೆಚ್ಚು ಇಷ್ಟವಾದ ಚಿತ್ರ ಇದೇ. ಬ್ರಿಟಾನಿಯಾ, ಅಂದರೆ ಹೆಣ್ಣುರೂಪದ ಬ್ರಿಟನ್, ಫಿರಂಗಿ ತೋಪಿಗೆ ಒರಗಿ ಸಮುದ್ರದತ್ತ ನೋಡುತ್ತ ನಿಂತಿದ್ದಾಳೆ. ಹೆಸರು, ಉತ್ತರಕ್ಕಾಗಿ ಕಾಯುತ್ತ. ಗದರಿಕೆ ಇಲ್ಲ, ಹಾಸ್ಯವೂ ಇಲ್ಲ. ಕಾಯುವುದು ಎಂದರೆ ಆಗ ನಿಜವಾಗಿಯೂ ಕಾಯುವುದೇ. 1858ರಲ್ಲಿ ಅಟ್ಲಾಂಟಿಕ್ ಅಡಿಯಲ್ಲಿ ಹಾಕಿದ ತಂತಿ ಕೆಲವೇ ವಾರಕ್ಕೆ ಸತ್ತುಹೋಗಿತ್ತು. ಕೈದಿಗಳನ್ನು ಬಿಡಿ ಎಂಬ ಬ್ರಿಟನ್ನಿನ ಕಾಗದ ಹಡಗಿನಲ್ಲೇ ಹೋಗಬೇಕು, ಅದರ ಉತ್ತರ ಹಡಗಿನಲ್ಲೇ ಬರಬೇಕು. ಒಂದು ಕಡೆಗೆ ಹನ್ನೆರಡು ಹದಿಮೂರು ದಿನ, ಚಳಿಗಾಲದಲ್ಲಿ ಇನ್ನೂ ಹೆಚ್ಚು.

ಆ ಕಾಗದ ಹೋದ ಬಗೆಯೂ ಕುತೂಹಲದ್ದು. ಮಂತ್ರಿಮಂಡಲದ ಕರಡು ಬಿರುಸಾಗಿತ್ತು. ರಾಣಿ ವಿಕ್ಟೋರಿಯಾಳ ಗಂಡ ಆಲ್ಬರ್ಟ್ ಕಾಯಿಲೆಯಲ್ಲಿದ್ದುಕೊಂಡೇ ಅದನ್ನು ತಿದ್ದಿ, ಕ್ಯಾಪ್ಟನ್ ತನ್ನ ಸರ್ಕಾರದ ಅಪ್ಪಣೆ ಇಲ್ಲದೆ ಹೀಗೆ ಮಾಡಿರಬಹುದು ಎಂದು ಅಮೆರಿಕಕ್ಕೆ ಜಾರಿಕೊಳ್ಳಲು ಒಂದು ಕಿಂಡಿ ಬಿಟ್ಟ. ಅವನು ತೀರಿಕೊಂಡದ್ದು ಡಿಸೆಂಬರ್ 14ರ ರಾತ್ರಿ, ಬ್ರಿಟಾನಿಯಾ ಕಾಯುತ್ತ ನಿಂತ ಸಂಚಿಕೆಯ ದಿನಾಂಕವೇ. ಯುದ್ಧ ತಪ್ಪಿಸಿದ ಆ ತಿದ್ದುಪಡಿಗೆ ಈ ಆರು ಚಿತ್ರಗಳಲ್ಲಿ ಜಾಗವಿಲ್ಲ. ಇರುವುದೂ ಸಾಧ್ಯವಿರಲಿಲ್ಲ, ಅದು ಗುಟ್ಟಿನ ಕಾಗದ. ವ್ಯಂಗ್ಯಚಿತ್ರಕ್ಕೆ ಸಿಗುವುದು ತೋಪು, ಬಾವುಟ, ಹುಬ್ಬುಗಂಟು.

ಇನ್ನೊಂದೂ ಸಿಗಲಿಲ್ಲ: ಪೆಟ್ಲುಪ್ಪು. ತೋಪಿನ ಮದ್ದಿಗೆ ಪೆಟ್ಲುಪ್ಪು ಬೇಕು, ಜಗತ್ತಿಗೆ ಅದನ್ನು ಹೆಚ್ಚಾಗಿ ಒದಗಿಸುತ್ತಿದ್ದದ್ದು ಬಿಹಾರ, ಸಾಗುತ್ತಿದ್ದದ್ದು ಕಲ್ಕತ್ತೆಯಿಂದ. ಆ ನವೆಂಬರಿನಲ್ಲಿ ಲಿಂಕನ್ ಸರ್ಕಾರದ ಪರವಾಗಿ ಮದ್ದಿನ ಕಾರ್ಖಾನೆಯ ಲ್ಯಾಮೊ ಡು ಪಾಂಟ್ ಇಂಗ್ಲೆಂಡಿಗೆ ಬಂದು ಸಿಕ್ಕಷ್ಟು ಪೆಟ್ಲುಪ್ಪನ್ನು ಸದ್ದಿಲ್ಲದೆ ಖರೀದಿಸಿದ್ದ. ಮಾಲು ಹಡಗೇರುವ ಹೊತ್ತಿಗೆ ಟ್ರೆಂಟ್ ಸುದ್ದಿ ಸಿಡಿಯಿತು. ಡಿಸೆಂಬರ್ 4ರಂದು ಬ್ರಿಟಿಷ್ ಸರ್ಕಾರ ಮದ್ದು, ಪೆಟ್ಲುಪ್ಪು, ಶಸ್ತ್ರಾಸ್ತ್ರಗಳ ರಫ್ತನ್ನು ನಿಷೇಧಿಸಿತು. ಕೆನಡಾಕ್ಕೆ ಹನ್ನೊಂದು ಸಾವಿರದಷ್ಟು ಸೈನಿಕರು ಹೊರಟರು. ವಾಷಿಂಗ್ಟನ್ನಿಗೆ ಯಾವುದು ಹೆಚ್ಚು ಚುಚ್ಚಿತು? ಹಿಮದಲ್ಲಿ ಇಳಿಯುವ ಸೈನಿಕರಿಗಿಂತ ಬಂದರಿನಲ್ಲಿ ನಿಂತ ಆ ಉಪ್ಪು ಎಂದೇ ನನಗನ್ನಿಸುತ್ತದೆ. ಯುದ್ಧದ ನಡುವೆ ಮದ್ದಿಲ್ಲದೆ ಇನ್ನೊಂದು ಯುದ್ಧಕ್ಕೆ ಇಳಿಯಲು ಯಾರಿಗಾಗುತ್ತದೆ? ಉಪ್ಪಿನ ಚೀಲವನ್ನು ಚಿತ್ರವಾಗಿಸುವುದು ಕಷ್ಟ. ಬ್ರಿಟಾನಿಯಾ ಒರಗಿದ್ದ ತೋಪು ಕಂಡಿತು, ಅದರೊಳಗಿನ ಬಿಹಾರ ಕಾಣಲಿಲ್ಲ.

ಡಿಸೆಂಬರ್ 28ರ ಚಿತ್ರದಲ್ಲಿ ಅಮೆರಿಕ ಹುಡುಗನ ವೇಷ ಕಳಚಿ ಕೊಲಂಬಿಯಾ ಎಂಬ ಹೆಂಗಸಾಗಿದ್ದಾಳೆ. ಯಾವ ಉತ್ತರ ಕಳಿಸಲಿ ಎಂದು ತೊಳಲಾಡುತ್ತಿದ್ದಾಳೆ. ಪಂಚ್ ಅಚ್ಚಿಗೆ ಹೋಗುವಾಗ ಲಂಡನ್ನಿಗೆ ಏನೂ ಗೊತ್ತಿಲ್ಲ. ಅತ್ತ 26ರಂದೇ ಲಿಂಕನ್‌ನ ಮಂತ್ರಿಮಂಡಲ ಕೈದಿಗಳನ್ನು ಬಿಡಲು ಒಪ್ಪಿಯಾಗಿತ್ತು.

ಆರನೆಯದು 1862ರ ಜನವರಿ 11ರದ್ದು. ಲಿಂಕನ್ ಮರವೇರಿ ಕುಳಿತ ರಕೂನ್ ಎಂಬ ಅಮೆರಿಕದ ಕಾಡುಪ್ರಾಣಿ; ಕೆಳಗೆ ಬಂದೂಕು ಹಿಡಿದ ಕರ್ನಲ್ ಬುಲ್. ‘ನಿಜವಾಗಿ ಹೊಡೀತೀಯಾ ಕರ್ನಲ್?’ ‘ಹೌದು.’ ‘ಹೊಡೀಬೇಡ, ಇಳಿದು ಬರ್ತೀನಿ.’ ಅಮೆರಿಕದವರದ್ದೇ ಒಂದು ಹಳೆಯ ಬೇಟೆ ಕತೆಯನ್ನು ಅವರ ಮೇಲೆಯೇ ತಿರುಗಿಸಿದ ಜಾಣತನ. ಉದ್ದ ಮುಖ, ಕುರುಚಲು ಗಡ್ಡ, ಪಟ್ಟೆ ಬಾಲ. ನಗು ಬರುತ್ತದೆ, ಒಪ್ಪುತ್ತೇನೆ. ಆದರೆ ದಿನಾಂಕ ನೋಡಿ. ಕೈದಿಗಳ ಬಿಡುಗಡೆಯ ಸುದ್ದಿ ಲಂಡನ್ ತಲುಪಿದ್ದು ಜನವರಿ 8ರಂದು. ಊಟ, ಚರ್ಚೆ, ಹಲಗೆ, ಕೆತ್ತನೆ, ಅಚ್ಚು ಇವೆಲ್ಲ ಮೂರು ದಿನದಲ್ಲಿ ಆಗುವ ಕೆಲಸವಲ್ಲ. ನನ್ನ ಲೆಕ್ಕದಲ್ಲಿ ಈ ಚಿತ್ರ ಸುದ್ದಿಗಿಂತ ಮೊದಲೇ ಸಿದ್ಧವಾಗಿದ್ದದ್ದು. ರಕೂನ್ ಇಳಿಯುವ ಮುಂಚೆಯೇ ಟೆನಿಯಲ್ ಅದನ್ನು ಇಳಿಸಿದ್ದ. ಅದೃಷ್ಟ, ಅದು ಇಳಿಯಿತು.

ಆ ಕಡೆಯ ಅಂಗಡಿಯೊಳಗೆ

ಈಗ ನವೆಂಬರ್ 16ರ ಚಿತ್ರಕ್ಕೆ ಮರಳೋಣ. ಅದರ ಜಗತ್ತು ಪೇಟೆಯ ಒಂದು ಬೀದಿ. ಈ ಬದಿ ಬೇಡವಾದರೆ ಆ ಬದಿ. ನಡುವೆ ಇರುವುದು ನಾಲ್ಕು ಹೆಜ್ಜೆ.

ಆ ನಾಲ್ಕು ಹೆಜ್ಜೆ ಹೇಗಿತ್ತೆಂದರೆ: ಧಾರವಾಡ ಸೀಮೆಯ ಹತ್ತಿಯನ್ನು ಬಿಡಿಸಿ, ಕಾಳು ತೆಗೆದು, ಅಂಡಿಗೆ ಕಟ್ಟಿ, ಎತ್ತಿನ ಮೇಲೋ ಬಂಡಿಯಲ್ಲೋ ಹೇರಿ ಘಟ್ಟ ಇಳಿಸಬೇಕು. ಕುಮಟೆಯ ಬಂದರಿನಿಂದ ಪತ್ತೇಮಾರಿ ಹಾಯಿಹಡಗಿನಲ್ಲಿ ಮುಂಬಯಿಗೆ. ಅಲ್ಲಿ ಒತ್ತುಯಂತ್ರಕ್ಕೆ ಕೊಟ್ಟು ಮತ್ತೆ ಬಿಗಿದು, ಆಫ್ರಿಕದ ತುದಿ ಸುತ್ತಿ ಲಿವರ್‌ಪೂಲಿಗೆ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಮಳೆಗಾಲ ಬಂತೆಂದರೆ ಘಟ್ಟವೂ ಬಂದ್, ಕಡಲೂ ಬಂದ್. ಈ ದಾರಿಯಿಂದಾಗಿಯೇ ನಮ್ಮ ಜವಾರಿ ಹತ್ತಿಗೆ ಇಂಗ್ಲೆಂಡಿನ ಪೇಟೆಯಲ್ಲಿ ‘ಕುಮ್ಟಾ’ ಎಂದೇ ಹೆಸರು. ಕುಮಟೆಯಲ್ಲಿ ಹತ್ತಿ ಬೆಳೆಯುವುದಿಲ್ಲ.

ಭಾರತದ ಹತ್ತಿಯ ಎಳೆ ಗಿಡ್ಡ. ಅಮೆರಿಕದ ಉದ್ದ ಎಳೆಗೆ ಹೊಂದಿಸಿದ ಲ್ಯಾಂಕಾಶೈರಿನ ಯಂತ್ರಗಳಲ್ಲಿ ಅದು ಮತ್ತೆ ಮತ್ತೆ ಹರಿಯುತ್ತಿತ್ತು. ತೂಕ ಹೆಚ್ಚಿಸಲು ಮಣ್ಣು, ಕಾಳು, ನೀರು ಸೇರಿಸುವ ದಲ್ಲಾಳಿಗಳ ಕೈಚಳಕ ಬೇರೆ. ಅದನ್ನು ತಡೆಯಲೆಂದೇ ಮುಂಬಯಿ ಸರ್ಕಾರ 1863ರಲ್ಲಿ ಹತ್ತಿ ಮೋಸದ ಕಾಯಿದೆ ತಂದಿತು. ಭಾರತದ ಅಗ್ಗದ ಹತ್ತಿಗೆಲ್ಲ ಲ್ಯಾಂಕಾಶೈರಿನಲ್ಲಿ ‘ಸೂರತ್’ ಎಂದೇ ಹೆಸರು, ಕೊನೆಗೆ ಆ ಹೆಸರೇ ಬೈಗುಳವಾಯಿತು. ದೇವರೇ ಹತ್ತಿ ಕೊಡು, ಆದರೆ ಸೂರತ್ ಬೇಡ ಎಂದು ಪ್ರಾರ್ಥನೆಯಲ್ಲಿ ಕೂಗಿದ ಕೂಲಿಯ ಕತೆ ಈಗಲೂ ಅಲ್ಲಿನ ಪುಸ್ತಕಗಳಲ್ಲಿ ಓಡಾಡುತ್ತದೆ.

ಎಳೆ ಉದ್ದ ಮಾಡುವ ಪ್ರಯತ್ನ ಧಾರವಾಡದಲ್ಲಿ ಇಪ್ಪತ್ತು ವರ್ಷದಿಂದ ನಡೆದಿತ್ತು. 1840ರ ದಶಕದಲ್ಲಿ ಅಮೆರಿಕದಿಂದ ತೋಟಗಾರರನ್ನೇ ಕರೆಸಿ ನ್ಯೂ ಆರ್ಲಿಯನ್ಸ್ ಬೀಜ ಬಿತ್ತಿಸಲಾಯಿತು. ಉಳಿದ ಕಡೆ ಆ ಪ್ರಯೋಗ ಮಣ್ಣುಪಾಲಾದರೂ ಧಾರವಾಡದ ಎರೆ ಅದನ್ನು ಒಪ್ಪಿಕೊಂಡಿತು. ರೈತರ ಬಾಯಲ್ಲಿ ಅದು ವಿಲಾಯತಿ ಹತ್ತಿ, ಲಿವರ್‌ಪೂಲಿನಲ್ಲಿ ‘ಧಾರವಾಡ ಅಮೆರಿಕನ್’. ಹೆಸರಿನಲ್ಲೇ ಎರಡೂ ಅಂಗಡಿಗಳು ಸೇರಿವೆ ನೋಡಿ. ಪಂಚ್‌ನ ಬೀದಿಯಲ್ಲಿ ಎದುರುಬದುರಾಗಿದ್ದವು ಧಾರವಾಡದ ಹೊಲದಲ್ಲಿ ಒಂದೇ ಗಿಡ.

ಚಿತ್ರದ ನಿಜವಾದ ಸುಳ್ಳು ಇರುವುದು ಇನ್ನೊಂದು ಕಡೆ. ಎದುರಿನ ಅಂಗಡಿ ಎದುರಿನವನದಲ್ಲ. 1858ರ ನವೆಂಬರಿನಿಂದ ಭಾರತ ನೇರವಾಗಿ ಬ್ರಿಟಿಷ್ ರಾಣಿಯದ್ದು. ಅದೇ ವರ್ಷದ ಜೂನ್‌ನಲ್ಲಿ, ಹತ್ತಿ ಸೀಮೆಯ ನಟ್ಟನಡುವಿನ ನರಗುಂದದ ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿ, ಸಂಸ್ಥಾನವನ್ನು ಕಂಪನಿ ಸರ್ಕಾರ ನುಂಗಿಹಾಕಿತ್ತು. ಮೂರು ವರ್ಷದ ನಂತರ ಅದೇ ಜಾನ್ ಬುಲ್, ಹೊಸ ವರ್ತಕನ ಹತ್ತಿರ ಹೋಗುವ ಸಂಭಾವಿತ ಗಿರಾಕಿಯಂತೆ ನಿಲ್ಲುತ್ತಾನೆ. 1857ರ ಆಗಸ್ಟಿನಲ್ಲಿ ಟೆನಿಯಲ್ ಭಾರತವನ್ನು ಹೆಂಗಸು ಮಗುವಿನ ಮೇಲೆರಗಿದ ಬಂಗಾಳದ ಹುಲಿಯಾಗಿ, ಬ್ರಿಟಿಷ್ ಸಿಂಹ ಅದರ ಮೇಲೆ ಹಾರುವಂತೆ ಬರೆದಿದ್ದ. ನಾಲ್ಕೇ ವರ್ಷದಲ್ಲಿ ಹುಲಿ ಅಂಗಡಿಕಾರನಾಗಿದೆ. ಬದಲಾದದ್ದು ಹುಲಿಯಲ್ಲ, ಗಿರಣಿಯ ಅಗತ್ಯ.

ಮ್ಯಾಂಚೆಸ್ಟರಿನ ವ್ಯಾಪಾರಿಗಳಿಗೆ ಆ ಅಂಗಡಿಯ ಸ್ಥಿತಿ ಪಂಚ್‌ಗಿಂತ ಚೆನ್ನಾಗಿ ಗೊತ್ತಿತ್ತು. 1857ರಲ್ಲೇ ಹತ್ತಿ ಪೂರೈಕೆ ಸಂಘ ಕಟ್ಟಿದ್ದರು. ಅದರ ಕಾರ್ಯದರ್ಶಿ ಹೇವುಡ್ 1861ರಲ್ಲಿ ನಮ್ಮ ಕರಾವಳಿಗೂ ಧಾರವಾಡಕ್ಕೂ ಬಂದು ನೋಡಿದ. ಸದಾಶಿವಗಡದ ಬಳಿ, ಅಂದರೆ ಇವತ್ತಿನ ಕಾರವಾರದಲ್ಲಿ, ಬಂದರು ಮಾಡಿ ಧಾರವಾಡದ ಹತ್ತಿಯನ್ನು ನೇರವಾಗಿ ಹಡಗೇರಿಸುವ ಯೋಜನೆ. ಮ್ಯಾಂಚೆಸ್ಟರ್ ಕಾಟನ್ ಕಂಪನಿ ಯಂತ್ರಗಳನ್ನು ಕಳಿಸಿತು. ಅವು ಬಂದಾಗ ಇಳಿಸಲು ಬಂದರಿಲ್ಲ, ಸಾಗಿಸಲು ರಸ್ತೆ ಮುಗಿದಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ. ಕಂಪನಿ ಕೆಲವೇ ವರ್ಷದಲ್ಲಿ ಮುಚ್ಚಿತು. ಆ ಗಡಿಬಿಡಿಯ ಒಂದು ಗುರುತು ಮಾತ್ರ ನಕ್ಷೆಯ ಮೇಲೆ ಉಳಿಯಿತು: ಬಂದರು ಮತ್ತು ಹತ್ತಿಹೊಲ ಒಂದೇ ಆಡಳಿತದಡಿ ಇರಲೆಂದು 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಹತ್ತಿಗಾಗಿ ಜಿಲ್ಲೆಯೇ ಮನೆ ಬದಲಿಸಿತು. ಘಟ್ಟ ಇಳಿಯುವ ಹುಬ್ಬಳ್ಳಿ ಅಂಕೋಲಾ ರೈಲು ಇಂದಿಗೂ ಓಡಿಲ್ಲ, ಅದು ಬೇರೆ ಮಾತು.

ಬಿಲ್ಲು ಬಂದಾಗ

1862ರಲ್ಲಿ ಬ್ರಿಟನ್ನಿಗೆ ಬಂದ ಒಟ್ಟು ಹತ್ತಿ ಸುಮಾರು 52 ಕೋಟಿ ಪೌಂಡಿಗೆ ಕುಸಿಯಿತು. ಅದರಲ್ಲಿ ಮುಕ್ಕಾಲು ಪಾಲು ಭಾರತದ್ದು. ಜಾನ್ ಬುಲ್ ನುಡಿದಂತೆ ನಡೆದ ಎನ್ನಬೇಕು, ಆದರೆ ಎದುರಿನ ಅಂಗಡಿ ಅವನ ಚೀಲವನ್ನು ಅರ್ಧವೂ ತುಂಬಲಿಲ್ಲ. ಆ ವರ್ಷದ ಕೊನೆಗೆ ಲ್ಯಾಂಕಾಶೈರ್ ಮತ್ತು ಸುತ್ತಮುತ್ತ ಐದು ಲಕ್ಷದಷ್ಟು ಜನ ಪರಿಹಾರದ ಗಂಜಿಯ ಮೇಲೆ ಬದುಕುತ್ತಿದ್ದರು. ಅಂಥ ಹೊತ್ತಿನಲ್ಲೇ, ಡಿಸೆಂಬರ್ 31ರಂದು, ಮ್ಯಾಂಚೆಸ್ಟರಿನ ಕೂಲಿಕಾರರು ಸಭೆ ಸೇರಿ ಗುಲಾಮಗಿರಿಯ ವಿರುದ್ಧ ಲಿಂಕನ್‌ಗೆ ಬೆಂಬಲದ ಪತ್ರ ಬರೆದರು. ಅವನು ಜನವರಿ 19ರಂದು ಉತ್ತರ ಬರೆದ. ಆ ಸಭೆಗೆ ಎರಡೂವರೆ ತಿಂಗಳ ಹಿಂದೆ ಪಂಚ್ ಅದೇ ಲಿಂಕನ್‌ನನ್ನು, ಗುಲಾಮರ ವಿಮೋಚನೆಯ ಘೋಷಣೆಯನ್ನು ಕೊನೆಯ ಇಸ್ಪೀಟ್ ಎಲೆಯಂತೆ ಮದ್ದಿನ ಪೀಪಾಯಿಯ ಮೇಲೆ ಬಡಿಯುವ ಸೋತ ಜೂಜುಕೋರನಾಗಿ ಬರೆದಿತ್ತು. ಕೂದಲು ಕೊಂಬಿನಂತೆ ಎದ್ದಿತ್ತು. ಗಿರಣಿಯ ಕೂಲಿಗೆ ಅರ್ಥವಾದದ್ದು ಬುಧವಾರದ ಮೇಜಿಗೆ ಅರ್ಥವಾಗಿರಲಿಲ್ಲ.

ಲಿವರ್‌ಪೂಲಿನಲ್ಲಿ ಯುದ್ಧಕ್ಕೆ ಮೊದಲು ಪೌಂಡಿಗೆ ಆರೇಳು ಪೆನ್ಸ್ ಇದ್ದ ಅಮೆರಿಕದ ಹತ್ತಿ 1864ರಲ್ಲಿ ಎರಡು ಶಿಲ್ಲಿಂಗ್ ದಾಟಿತು. ಮುಂಬಯಿಯಲ್ಲಿ ಹಣದ ಹೊಳೆ ಹರಿಯಿತು. ಹತ್ತಿ ಮತ್ತು ಷೇರು ದಲ್ಲಾಳಿ ಪ್ರೇಮಚಂದ್ ರಾಯಚಂದ್‌ನ ಒಂದು ಚೀಟಿಗೆ ಬ್ಯಾಂಕುಗಳು ಬಾಗಿಲು ತೆರೆದವು, ಸಮುದ್ರ ತುಂಬಿಸಿ ನೆಲ ಮಾಡುವ ಕಂಪನಿಗಳ ಷೇರು ಮುಗಿಲಿಗೇರಿದವು. 1865ರ ಏಪ್ರಿಲ್ಲಿನಲ್ಲಿ ದಕ್ಷಿಣದ ಸೇನಾಪತಿ ಲೀ ಶರಣಾದ.

ಅದರ ಬೆನ್ನಿಗೇ ಲಿಂಕನ್ ಕೊಲೆಯಾದ. ಮೇ 6ರ ಪಂಚ್‌ನಲ್ಲಿ ಬ್ರಿಟಾನಿಯಾ ಅವನ ಶವದ ಮೇಲೆ ಹೂಮಾಲೆ ಇಡುತ್ತಾಳೆ. ಕೊಲಂಬಿಯಾ ಅಳುತ್ತಾಳೆ, ಕೆಳಗೆ ಸರಪಳಿ ಕಡಿದ ಗುಲಾಮ ಕುಳಿತಿದ್ದಾನೆ. ಅದೇ ಸಂಚಿಕೆಯ ಕವಿತೆಯಲ್ಲಿ ಪಂಚ್‌ನ ಲೇಖಕ ಟಾಮ್ ಟೇಲರ್, ಬದುಕಿದ್ದಾಗ ಅಣಕದ ಪೆನ್ಸಿಲ್ಲಿನಲ್ಲಿ ಅವನ ಉದ್ದ ಕೈಕಾಲು, ಗೆರೆಬಿದ್ದ ಮುಖ ಬರೆದು ನಗಿಸಿದವರು ಈಗ ಹೂ ಇಡಬಹುದೇ ಎಂದು ತಮ್ಮನ್ನೇ ಕೇಳಿಕೊಂಡ. ಪತ್ರಿಕೆಯೊಂದು ಇಷ್ಟು ಬಹಿರಂಗವಾಗಿ ತಪ್ಪೊಪ್ಪಿಕೊಂಡದ್ದು ಅಪರೂಪ. ಲಿಂಕನ್ ಗುಂಡೇಟು ತಿಂದಾಗ ರಂಗದ ಮೇಲೆ ನಡೆಯುತ್ತಿದ್ದ ನಾಟಕವೂ ಇದೇ ಟೇಲರ್ ಬರೆದದ್ದು.

ಮುಂಬಯಿಯಲ್ಲಿ ವಾಯಿದೆ ವ್ಯಾಪಾರದ, ಅಂದರೆ ಮುಂದೆ ಕೊಡುವ ಮಾಲಿಗೆ ಮೊದಲೇ ಬೆಲೆ ಕಟ್ಟಿದ ವ್ಯಾಪಾರದ, ಲೆಕ್ಕ ಚುಕ್ತಾ ಮಾಡುವ ದಿನ 1865ರ ಜುಲೈ 1. ಅಷ್ಟರಲ್ಲಿ ಹತ್ತಿಯ ಬೆಲೆ ನೆಲ ಕಂಡಿತ್ತು. ವ್ಯಾಪಾರಿಗಳು ಸಾಲುಸಾಲಾಗಿ ದಿವಾಳಿಯಾದರು, ಪ್ರೇಮಚಂದನೂ ಉಳಿಯಲಿಲ್ಲ, ಬಾಂಬೆ ಬ್ಯಾಂಕು ಕುಸಿಯಿತು. ಲಿವರ್‌ಪೂಲಿಗೆ ಅಮೆರಿಕದ ಹತ್ತಿ ಮತ್ತೆ ಬರತೊಡಗಿತು. ಜಾನ್ ಬುಲ್ ರಸ್ತೆ ದಾಟಿ ಹಳೆಯ ಅಂಗಡಿಗೆ ಹೋದ. ಧಾರವಾಡದ ರೈತ ಮುಂದಿನ ಹಂಗಾಮಿಗೆ ವಿಲಾಯತಿಯೋ ಜವಾರಿಯೋ ಎಂದು ಬೀಜ ಆರಿಸುತ್ತಿದ್ದ.